ನೆಟ್ಟಿನ ಸಾಹೇಬರು ಕೊಡಿಸಿದ ರಿಂಗು

ದಾಂಡೇಲಿಯ ಆ ಕ್ಲಬ್ಬಿನಲ್ಲಿ ಟೆನಿಸ್ ನೆಟ್ಟು ಸಾಹೇಬರ ಸ್ವಂತ ಆಸ್ತಿ. ಸರ್ವ್ ಮಾಡಿದ ಕೂಡಲೇ, ಚೆಂಡು ಎಲ್ಲಿ ಬಿತ್ತೆಂದೂ ನೋಡದೆ, ದಡಬಡಿಸಿ ಮುಂದೆ ಬಂದು ನೆಟ್ಟಿಗೆ ಹೊಟ್ಟೆ ತಾಗಿಸಿ ನಿಲ್ಲುತ್ತಿದ್ದರು. ರ‍್ಯಾಕೆಟ್ಟು ತಲೆಯ ಮೇಲೆ, ನೊಣ ಹೊಡೆಯಲು ಕಾದವರ ಹಾಗೆ. ಎದುರಿನವರು ಚೆಂಡನ್ನು ಹುಷಾರಾಗಿ ಅದೇ ರ‍್ಯಾಕೆಟ್ಟಿಗೆ ತಲುಪಿಸುತ್ತಿದ್ದರು. ಅವರ ಪಕ್ಕದಿಂದ ಚೆಂಡು ದಾಟಿಸುವುದು ಅಲ್ಲಿ ಮರ್ಯಾದೆಗೇಡು. ಚೆಂಡು ನೆಲ ಮುಟ್ಟುವ ಮೊದಲೇ ಸಾಹೇಬರು ಬಡಿದೊಡನೆ, "ವಾ ಸಾಹೇಬ್ರ, ಎಂಥಾ ವಾಲಿ ಹೊಡದ್ರಿ" ಎಂಬ ಕೂಗು ನಾಲ್ಕೂ ಕಡೆಯಿಂದ ಏಳುತ್ತಿತ್ತು.

ಐವತ್ತರ ದಶಕದ ಕೊನೆ. ಸಾಹೇಬರು ನನ್ನ ಗಂಡ ಗುಮಾಸ್ತರಾಗಿದ್ದ ಕಟ್ಟಿಗೆ ಕಂಪನಿಯ ಮ್ಯಾನೇಜರು. ಕ್ಲಬ್ಬಿಗೆ ಬರುವವರಲ್ಲಿ ಹೆಚ್ಚಿನವರು ಅವರ ಕೈಕೆಳಗಿನವರು. ಅಲ್ಲಿ ಒಬ್ಬನಿಗಾದರೂ ಬೆನ್ನೆಲುಬು ಇತ್ತೆಂದು ನಾನು ಹೇಳಲಾರೆ, ನನ್ನ ಗಂಡನನ್ನೂ ಸೇರಿಸಿ. ಹೆಂಗಸರಿಗೆ ಬೆತ್ತದ ಕುರ್ಚಿ, ಲಿಂಬೆ ಶರಬತ್ತು, ಮತ್ತು ಚಪ್ಪಾಳೆಯ ಕೆಲಸ.

ನಾನು ಧಾರವಾಡದಲ್ಲಿ ಟೆನಿಸ್ ಆಡುತ್ತ ಬೆಳೆದವಳು. ಕಲಿಸಿದವರು ಅಪ್ಪ. "ನೆಟ್ಟಿಗೆ ಸುಮ್ಮನ ಓಡಬ್ಯಾಡ. ಮೊದಲ ಚೆಂಡು ಆಳಕ್ಕ, ಮೂಲೀಗೆ ಹಾಕು. ಅದು ಹೋದ ದಾರೀಲೇ ನೀನೂ ಹೋಗು. ಅವರು ಹೊಡಿಯೂ ಹೊತ್ತಿಗೆ ನಿಂದರು, ಆಮ್ಯಾಲ ಕೈ ಮುಂದ ಮಾಡು" ಎನ್ನುತ್ತಿದ್ದರು. ರ‍್ಯಾಕೆಟ್ಟು ಎದೆಯ ಮುಂದಿರಬೇಕು, ಬೀಸಬಾರದು, ಬಂದ ಚೆಂಡನ್ನು ತಡೆದು ಚಿಕ್ಕದಾಗಿ ತಳ್ಳಬೇಕು, ಅಷ್ಟೇ. ಮದುವೆಯಾಗಿ ಬರುವಾಗ ರ‍್ಯಾಕೆಟ್ಟನ್ನು ಟ್ರಂಕಿನಲ್ಲಿ ಸೀರೆಗಳ ಕೆಳಗಿಟ್ಟು ತಂದಿದ್ದೆ. ಆ ಕೋರ್ಟಿನಲ್ಲಿ ಆಡಬೇಕು ಎನ್ನುವುದು ಬಿಟ್ಟರೆ ಆ ಊರಿನಿಂದ ನನಗೆ ಬೇರೇನೂ ಬೇಕಿರಲಿಲ್ಲ. ಕುರ್ಚಿಯಲ್ಲಿ ಕೂತು ಆ ನೊಣ ಹೊಡೆಯುವ ಆಟ ನೋಡುವಾಗ ಹೊಟ್ಟೆ ಉರಿಯುತ್ತಿತ್ತು.

ಒಂದು ಭಾನುವಾರ ಹಳಿಯಾಳದ ಬಸ್ಸು ಕೆಟ್ಟು ನಾಲ್ಕನೆಯ ಆಟಗಾರ ಬರಲಿಲ್ಲ. ಸಾಹೇಬರು ನಮ್ಮ ಕುರ್ಚಿಗಳ ಕಡೆ ತಿರುಗಿ, ನನ್ನನ್ನು ನೋಡಿ ನಕ್ಕರು. ಕೈಕೆಳಗಿನವರ ಹೆಂಡಂದಿರೆಲ್ಲ ಅವರಿಗೆ ವೈನಿ, ಅಂದರೆ ಅತ್ತಿಗೆ.

"ವೈನೀ, ನೀವೂ ಆಡ್ತಿದ್ರಂತಲ್ರಿ. ಬರ್ರಿ, ಹೊತ್ತರ ಹೋಗತೈತಿ."

ಮನೆಗೆ ಹೋಗಿ ರ‍್ಯಾಕೆಟ್ಟು ತಂದೆ. ಕ್ಯಾನ್ವಾಸ್ ಬೂಟು ಹಾಕಿ, ಸೆರಗು ಸೊಂಟಕ್ಕೆ ಬಿಗಿದು ಇಳಿದೆ. ನನ್ನ ಜೊತೆ ಕಂಪನಿಯ ಕ್ಯಾಶಿಯರು. ಆಚೆ ಸಾಹೇಬರು ಮತ್ತು ನನ್ನ ಗಂಡ. ಮೊದಲ ಚೆಂಡನ್ನೇ ಸಾಹೇಬರ ಎಡಗಡೆಯ ಮೂಲೆಗೆ ಹಾಕಿ ಅದರ ಹಿಂದೆಯೇ ಮುಂದೆ ಬಂದೆ. ಅವರು ಹೇಗೋ ಎತ್ತಿ ಕಳಿಸಿದರು. ನಿಂತು, ತಡೆದು, ಖಾಲಿ ನೆಲಕ್ಕೆ ತಳ್ಳಿದೆ. ಯಾರೂ ವಾ ಎನ್ನಲಿಲ್ಲ.

"ಅಕ್ಕಾರ, ಅವರ ಕೈಗೆ ಕೊಡ್ರಿ" ಎಂದು ಕ್ಯಾಶಿಯರು ಪಿಸುಗುಟ್ಟಿದರು.

ಕೊಡಲಿಲ್ಲ. ಸಾಹೇಬರು ಎಂದಿನಂತೆ ನೆಟ್ಟಿಗೆ ಬಂದು ಆತುಕೊಂಡರು. ಚೆಂಡು ಪಕ್ಕದಲ್ಲೇ ದಾಟಿ ಹೋಯಿತು. ಅವರು ಗಾಳಿಯನ್ನು ಬಡಿದರು. ಮತ್ತೆ ಬಂದರು, ಮತ್ತೆ ಗಾಳಿಯನ್ನು ಬಡಿದರು. ಪಾಪ, ಚೆಂಡು ತಾನಾಗಿ ರ‍್ಯಾಕೆಟ್ಟಿಗೆ ಬಂದು ಕೂರುತ್ತದೆಂದೇ ಅವರು ನಂಬಿದ್ದರು.

"ವೈನೀ, ನೀವು ಹಿಂದ ನಿಂದರ್ರಿ. ನೆಟ್ ಹತ್ರ ಮುಖಕ್ಕ ಚೆಂಡು ಬಡದೀತು" ಎಂದರು ಸಾಹೇಬರು.

"ಬಡೀಲಿ ಬಿಡ್ರಿ" ಎಂದೆ.

ನನಗೆ ಅಂದು ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಆಟ ಮುಗಿಯುವ ಮೊದಲೇ ಸಾಹೇಬರು ಸೊಂಟ ಹಿಡಿದುಕೊಂಡು ಹೊರಟರು. ನನ್ನ ಗಂಡ ಅವರ ಟವೆಲ್ಲು ಎತ್ತಿಕೊಂಡು ಹಿಂದೆಯೇ ಓಡಿದರು.

ಮುಂದಿನ ಭಾನುವಾರ ಕ್ಲಬ್ಬಿನ ಹಿಂದೆ ಎರಡು ಗಳ ಹುಗಿದು ಹಗ್ಗ ಕಟ್ಟಿದ್ದರು. ಸಾಹೇಬರು ಎಲ್ಲರೆದುರು ನನ್ನ ಕೈಗೆ, ಆ ಹಗ್ಗದ ಆಚೀಚೆ ಎಸೆದು ಹಿಡಿದು ಆಡುವ ಒಂದು ಹೊಸ ರಬ್ಬರ್ ರಿಂಗು ಇಟ್ಟರು. "ಹೆಣ್ಣಮಕ್ಕಳು ಆಡ್ಲಿ ಅಂತ ಬೆಳಗಾವಿಂದ ತರಿಸೇನ್ರಿ. ಆ ಕೋರ್ಟು ಸಗಣಿ ಸಾರಿಸಿದ್ದು, ನಿಮ್ಮ ಸೀರಿ ಹೊಲಸಾಗತಾವ. ಅದು ಗಂಡಸರಿಗೇ ಇರ್ಲಿ." ಆ ಕೋರ್ಟಿಗೆ ವಾರವಾರವೂ ಸಗಣಿ ಸಾರಿಸುತ್ತಿದ್ದವರು ಇಬ್ಬರು ಹೆಂಗಸರು, ಅವರ ಸೀರೆಯ ಚಿಂತೆ ಯಾರಿಗೂ ಹತ್ತಿರಲಿಲ್ಲ. ಕುರ್ಚಿಯ ಹೆಂಗಸರು ಚಪ್ಪಾಳೆ ತಟ್ಟಿದರು. ಅದೊಂದು ಅವರಿಗೆ ಚೆನ್ನಾಗಿ ಬರುತ್ತಿತ್ತು.

"ಎಷ್ಟು ಪ್ರೀತಿಂದ ಕೊಟ್ಟಾರ ನೋಡು" ಎಂದರು ನನ್ನ ಗಂಡ, ಹೋದ ಜೀವ ಬಂದವರ ಹಾಗೆ.

ಮನೆಗೆ ಬಂದು ರಿಂಗನ್ನು ಅಡುಗೆಮನೆಯ ನೆಲದ ಮೇಲಿಟ್ಟು ಅದರ ಮೇಲೆ ಕುಡಿಯುವ ನೀರಿನ ಕೊಡ ಕೂರಿಸಿದೆ. ಕೊಡದಡಿ ಇಡುತ್ತಿದ್ದ ಹಳೆಯ ಬಟ್ಟೆಯ ಸಿಂಬಿಗಿಂತ ಗಟ್ಟಿಯಾಗಿತ್ತು, ಕೊಡ ಅಲುಗಾಡುತ್ತಿರಲಿಲ್ಲ. ಕೆಲವು ತಿಂಗಳ ನಂತರ ಸಾಹೇಬರು ಚಹಾಕ್ಕೆ ಬಂದವರು, "ರಿಂಗು ಉಪಯೋಗಕ್ಕ ಬರತೈತೇನ್ರಿ ವೈನೀ?" ಎಂದು ಕೇಳಿದರು.

"ದಿನಾ ಬರತೈತ್ರಿ" ಎಂದು, ಆ ಕೊಡದಿಂದಲೇ ಅವರಿಗೆ ನೀರು ತಂದುಕೊಟ್ಟೆ. ಸಾಹೇಬರು ಸಂತೋಷದಿಂದ ಕುಡಿದರು. ಕೋರ್ಟಿಗೆ ಬರ್ರಿ ಎಂದು ನನ್ನನ್ನು ಮತ್ತೆ ಯಾರೂ ಕರೆಯಲಿಲ್ಲ.