ಅಪ್ಪ ವರ್ಷಕ್ಕೊಮ್ಮೆ ಹೋಗುತ್ತಿದ್ದ ಊರು

ನಮ್ಮೂರು ಹದಿನಾರಿನಿಂದ ನಂಜನಗೂಡಿಗೆ ಬೆಳಿಗ್ಗೆ ಏಳೂವರೆಗೆ ಒಂದು ಬಸ್ಸಿದೆ. ಈ ವರ್ಷ ಜನವರಿಯ ಮೊದಲ ಸೋಮವಾರ ನಾನು ಮತ್ತು ಅವ್ವ ಆ ಬಸ್ಸು ಹತ್ತಿದೆವು. ಗದ್ದೆಗಳ ಮೇಲೆ ಮಂಜು ಇನ್ನೂ ಕರಗಿರಲಿಲ್ಲ. ಅವ್ವನಿಗೆ ಎಪ್ಪತ್ತೆರಡು ವರ್ಷ. ತಲೆಗೆ ಅಪ್ಪನ ಹಳೆಯ ಮಫ್ಲರು ಸುತ್ತಿಕೊಂಡಿದ್ದಳು. ತೊಡೆಯ ಮೇಲಿನ ವೈರು ಬ್ಯಾಗಿನಲ್ಲಿ ಆಧಾರ್ ಕಾರ್ಡು, ನೀರಿನ ಬಾಟಲಿ, ರೊಟ್ಟಿ-ಹುಚ್ಚೆಳ್ಳು ಚಟ್ನಿಯ ಬುತ್ತಿ ಇದ್ದವು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದ ಮೇಲೆ ಅವ್ವ ಒಬ್ಬಳೇ ಮೈಸೂರಿಗೂ ಹೋಗಿ ಬರುತ್ತಾಳೆ. ಆದರೆ ಈ ಪ್ರಯಾಣಕ್ಕೆ ನಾನು ಜೊತೆಗೆ ಬರಲೇಬೇಕೆಂದು ಹಟ ಹಿಡಿದಿದ್ದಳು. ನಾನು ಹಾಸನದಲ್ಲಿ ಹೈಸ್ಕೂಲು ಟೀಚರು. ಎರಡು ದಿನ ರಜೆ ಹಾಕಿ ಬಂದಿದ್ದೆ.

ಮನೆಯಲ್ಲಿ ಅಣ್ಣ ಅತ್ತಿಗೆಗೆ ನಂಜುಂಡೇಶ್ವರನ ದರ್ಶನಕ್ಕೆಂದು ಹೇಳಿದ್ದೆವು. ನಿಜವಾಗಿ ನಾವು ಹೊರಟಿದ್ದು ತಿ. ನರಸೀಪುರದ ಆಚೆ ಹೊಳೆದಂಡೆಯಲ್ಲಿರುವ ಒಂದು ಊರಿಗೆ. ಆ ಊರಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ.

ನನ್ನ ಅಪ್ಪ ಪುಟ್ಟಬಸಪ್ಪ ಬೇಸಾಯಗಾರ. ಪ್ರತಿ ವರ್ಷ ಒಕ್ಕಣೆ ಮುಗಿದು ಹೊಸ ಅಕ್ಕಿ ಮನೆಗೆ ಬಂದ ವಾರದೊಳಗೆ ಒಂದು ಚೀಲ ಅಕ್ಕಿ ಹೊತ್ತು ಎರಡು ದಿನ ಮನೆ ಬಿಟ್ಟು ಹೋಗುತ್ತಿದ್ದ. ಎಲ್ಲಿಗೆಂದು ಕೇಳಿದರೆ ಮಠಕ್ಕೆ ಎನ್ನುತ್ತಿದ್ದ. ಯಾವ ಮಠವೆಂದು ಕೇಳಿದರೆ ಮಾತು ಬೇರೆ ಕಡೆ ತಿರುಗುತ್ತಿತ್ತು. ಒಮ್ಮೆ ಅಂಗಿ ಒಗೆಯುವಾಗ ಅವ್ವನಿಗೆ ಜೇಬಿನಲ್ಲಿ ನರಸೀಪುರದ ಬಸ್ ಟಿಕೆಟ್ಟು ಸಿಕ್ಕಿತು. ಅವಳು ಅದನ್ನು ಯಾರಿಗೂ ತೋರಿಸಲಿಲ್ಲ, ಅಪ್ಪನನ್ನೂ ಕೇಳಲಿಲ್ಲ. ಆಗ ಅವಳಿಗೆ ಮೂವತ್ತೈದು ವರ್ಷವಂತೆ. ಅಲ್ಲಿಂದ ಮುಂದೆ ಇಷ್ಟು ವರ್ಷ ಆ ಸಂಶಯವನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಡುಗೆ ಮಾಡಿದಳು, ಮಕ್ಕಳ ಮದುವೆ ಮಾಡಿದಳು, ಅಪ್ಪನ ಕೊನೆಯ ಕಾಯಿಲೆಯಲ್ಲಿ ಅವನ ಕೈಕಾಲು ಒತ್ತಿದಳು.

ಹೋದ ಶಿವರಾತ್ರಿ ಕಳೆದ ಮೇಲೆ ಅಪ್ಪ ತೀರಿಕೊಂಡ. ಅವನ ಮೊಬೈಲು ಅವ್ವನ ಬಳಿಯೇ ಉಳಿಯಿತು. ಡಿಸೆಂಬರ್ ಕೊನೆಯಲ್ಲಿ ಒಂದು ಮಧ್ಯಾಹ್ನ ಅದು ಬಡಿದುಕೊಂಡಿತು. ಒಬ್ಬ ಹುಡುಗಿಯ ದನಿ. ತಾತ ಈ ಸಲ ಯಾಕೆ ಬರಲಿಲ್ಲ, ನಮ್ಮಜ್ಜಿ ದಿನಾ ದಾರಿ ನೋಡುತ್ತಿದ್ದಾಳೆ ಎಂದಿತು. ಅವ್ವ ಅಪ್ಪ ಸತ್ತ ವಿಷಯ ಹೇಳಲಿಲ್ಲ. ಊರು ಯಾವುದು, ಮನೆ ಎಲ್ಲಿ ಎಂದು ಕೇಳಿಕೊಂಡು, ಬರುತ್ತಾರೆ ಎಂದಷ್ಟೇ ಹೇಳಿ ಇಟ್ಟುಬಿಟ್ಟಳು. ಆಮೇಲೆ ನನಗೆ ಫೋನ್ ಮಾಡಿದಳು.

"ಅದ್ಯಾರು ಅಂತ ಒಂದ್ಸಲ ಕಣ್ಣಲ್ಲಿ ನೋಡ್ಬುಡ್ಬೇಕು ಕಣವ್ವ. ಆಮೇಲೆ ನಾನು ಸತ್ರೂ ಆಯ್ತದೆ" ಎಂದಳು.

ನಂಜನಗೂಡು ತಲುಪಿದಾಗ ಎಂಟು ದಾಟಿತ್ತು. ಸುಳ್ಳು ಪೂರ್ತಿ ಸುಳ್ಳಾಗಬಾರದೆಂದು ಅವ್ವ ಮೊದಲು ಗುಡಿಗೆ ನಡೆದಳು. ಸೋಮವಾರವಾದ್ದರಿಂದ ಸಾಲು ಉದ್ದವಿತ್ತು. ಕಪಿಲೆಯ ಮೆಟ್ಟಿಲಲ್ಲಿ ಕಾಲು ತೊಳೆದು, ದರ್ಶನ ಮಾಡಿ ಹೊರಬರುವಷ್ಟರಲ್ಲಿ ಒಂದೂವರೆ ಗಂಟೆ ಕಳೆಯಿತು. ಬಸ್‌ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಇಡ್ಲಿ ತಿಂದೆವು. ಅವ್ವ ಅರ್ಧ ಇಡ್ಲಿ ಬಿಟ್ಟಳು. ಎಲೆಯಲ್ಲಿ ಅನ್ನ ಬಿಟ್ಟವಳಲ್ಲ ಅವಳು.

ನರಸೀಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಜಾಗ ಸಿಕ್ಕಿತು. ದೂರ ಮೂವತ್ತು ಕಿಲೋಮೀಟರಿನೊಳಗೇ ಇದ್ದರೂ ಊರೂರಿಗೆ ನಿಂತು ಹೋಗುವ ಬಸ್ಸು. ಗದ್ದೆಗಳಲ್ಲಿ ಕೊಯ್ಲು ಮುಗಿದು ಕೂಳೆ ಉಳಿದಿತ್ತು. ಕಬ್ಬಿನ ಟ್ರ್ಯಾಕ್ಟರುಗಳು ಎದುರಾಗುತ್ತಿದ್ದವು. ಒಂದೆರಡು ಕಡೆ ರಸ್ತೆಯ ಮೇಲೇ ಹುರುಳಿ ಹರಡಿದ್ದರು. ಬಸ್ಸು ಅದರ ಮೇಲೆ ಹಾದುಹೋದಾಗ ಅವ್ವ ನಕ್ಕಳು. ಅಪ್ಪನಿಗೆ ಅದನ್ನು ಕಂಡರೆ ಆಗುತ್ತಿರಲಿಲ್ಲ. ಕಣದಲ್ಲಿ ಬಡಿಯಲು ಸೋಮಾರಿತನವಾದರೆ ಹುರುಳಿ ಯಾಕೆ ಬೆಳೆಯಬೇಕು ಎಂದು ಬಸ್ಸಿನ ಕಿಟಕಿಯಿಂದಲೇ ಬೈಯುತ್ತಿದ್ದನಂತೆ.

ನಮ್ಮ ಮನೆತನದ ಕತೆ ನನಗೆ ಗೊತ್ತಿದ್ದದ್ದು ಇಷ್ಟೇ. ಹದಿನಾರಿನಲ್ಲಿ ತಾತನಿಗೆ ಇದ್ದದ್ದು ಮಳೆ ನಂಬಿದ ಹೊಲ. ರಾಗಿ, ಜೋಳ, ಹುಚ್ಚೆಳ್ಳು ಬೆಳೆಯುತ್ತಿದ್ದ. ಅಪ್ಪ ಹುಟ್ಟಿದಾಗಲೇ ಅವನ ತಾಯಿ ತೀರಿಕೊಂಡಳು. ತಾತ ಮರುಮದುವೆಯಾದ. ಅಪ್ಪ ತಲೆಯೆತ್ತಿದ ಮೇಲೆ ತಗ್ಗಿನ ಹೊಲವನ್ನು ಸಮ ಮಾಡಿ, ನೀರು ತಂದು ಗದ್ದೆ ಮಾಡಿದ. ಒಣಗಲು ಹಾಕಿದ ಭತ್ತವನ್ನು ಹಲ್ಲಿನಲ್ಲಿ ಕಡಿದು ನೋಡಿ, ಟಕ್ ಎಂದು ಸದ್ದಾದರೆ ಮಾತ್ರ ಚೀಲಕ್ಕೆ ತುಂಬುತ್ತಿದ್ದ. ಗದ್ದೆಯ ಬದುವನ್ನು ಅವನಷ್ಟು ಚಂದ ಕಟ್ಟುವವರು ಸುತ್ತಿನಲ್ಲಿ ಇರಲಿಲ್ಲ. ಹೊರಮೈ ಇಳಿಜಾರಾಗಿ, ಮೇಲೆ ಒಂದು ಹೆಜ್ಜೆಯಗಲ ಇಟ್ಟು, ಹಿಮ್ಮಡಿಯಲ್ಲಿ ತುಳಿದು ಗಟ್ಟಿ ಮಾಡಿ, ಅದರ ಮೇಲೆ ಮೂರು ಗೇಣಿಗೊಂದು ತೊಗರಿ ಊರುತ್ತಿದ್ದ. ತೊಗರಿ ಬೇರು ಬದುವನ್ನು ಹಿಡಿದುಕೊಳ್ಳುತ್ತದೆ ಎಂಬುದು ಅವನ ಲೆಕ್ಕ.

ಹನ್ನೊಂದು ಗಂಟೆಗೆ ನರಸೀಪುರದಲ್ಲಿ ಇಳಿದೆವು. ಮಂಜು ಹೋಗಿ ಬಿಸಿಲು ಹಿತವಾಗಿತ್ತು. ಆ ಊರಿಗೆ ಎಪ್ಪತ್ತು ರೂಪಾಯಿಗೆ ಒಂದು ಆಟೋ ಬಂತು. ಸೇತುವೆಯ ಮೇಲೆ ಬಂದಾಗ ಡ್ರೈವರು ಕೈ ತೋರಿಸಿ, ಕಪಿಲೆ ಕಾವೇರಿಯನ್ನು ಸೇರುವುದು ಅಲ್ಲೇ ಎಂದ. ನೀರು ಇಳಿದು ಮರಳಿನ ದಿಣ್ಣೆ ಎದ್ದಿತ್ತು. ಅದರ ಪಕ್ಕ ಎರಡು ಹರಿಗೋಲು ಬೋರಲು ಹಾಕಿದ್ದರು. ಅವ್ವ ಆ ಕಡೆ ತಿರುಗಲಿಲ್ಲ.

ಊರ ಹೊರಗೆ ಮಾರಿಗುಡಿಯ ಹತ್ತಿರ ಇಳಿದು ನಡೆಯಲು ಶುರು ಮಾಡಿದೆವು. ದಾರಿ ಹೊಳೆಯ ಕಡೆ ಇಳಿಯುತ್ತಿತ್ತು. ಎಡಕ್ಕೆ ಅರ್ಧ ಎಕರೆಯಷ್ಟು ಒಂದು ಗದ್ದೆ. ಅವ್ವ ಅದರ ಮುಂದೆ ನಿಂತುಬಿಟ್ಟಳು. ಸುಸ್ತಾಯಿತೇನೋ ಎಂದು ನಾನು ನೀರಿನ ಬಾಟಲಿ ತೆಗೆದೆ. ಅವಳು ಬದುವನ್ನು ತೋರಿಸಿದಳು. ಇಳಿಜಾರು ಹೊರಮೈ, ಹೆಜ್ಜೆಯಗಲ, ಮೂರು ಗೇಣಿಗೊಂದು ತೊಗರಿ. ಕಾಯಿ ತುಂಬಿಕೊಂಡು ಗಿಡಗಳು ಬಾಗಿದ್ದವು.

"ಇದು ನಿಮ್ಮಪ್ಪನ ಕೈ" ಎಂದಳು ಅವ್ವ.

ಬೇರೆಯವರ ಗದ್ದೆಗೆ ಹೀಗೆ ಯಾರು ಮೈಮುರಿದು ದುಡಿಯುತ್ತಾರೆ? ವಾಪಸ್ ಹೋಗೋಣವೇ ಎಂದು ಕೇಳಿದೆ. ಅವ್ವ ಮುಂದೆ ನಡೆದಳು.

ಹುಡುಗಿ ಹೇಳಿದ್ದ ಮನೆ ಹೊಳೆಗೆ ಹತ್ತಿರದ ಕೊನೆಯ ಮನೆ. ನಾಡಹೆಂಚಿನದು. ಗೋಡೆಗೆ ಬಲೆ ನೇತುಹಾಕಿದ್ದರು. ಅವರು ಹೊಳೆಯಲ್ಲಿ ಮೀನು ಹಿಡಿದು ಬದುಕುವವರೆಂದು ನೋಡಿದೊಡನೆ ತಿಳಿಯಿತು. ನಾವು ಲಿಂಗ ಕಟ್ಟಿದವರು. ನಮ್ಮ ಕಡೆ ಹಿರಿಯರು ಅಂಥ ಮನೆಗಳ ಜಗಲಿಯನ್ನೂ ಹತ್ತುತ್ತಿರಲಿಲ್ಲ. ಜಗಲಿಯ ಮೇಲೆ ಒಬ್ಬ ಮುದುಕಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ಸಣ್ಣ ಮೈ, ಬಿಳಿಕೂದಲು. ಅಪ್ಪನ ವಾರಿಗೆಯವಳೇ ಇರಬೇಕು, ಎಂಬತ್ತರ ಹತ್ತಿರ. ಅವಳ ಹೆಸರು ಕೆಂಪಮ್ಮ ಎಂದು ಆಮೇಲೆ ತಿಳಿಯಿತು. ಅವಳ ನೋಟ ನೇರ ಅವ್ವನ ತಲೆಯ ಮೇಲಿನ ಮಫ್ಲರಿಗೆ ಹೋಯಿತು. ಎದ್ದು ನಿಂತಳು.

"ಪುಟ್ಟನ ಮನೆಯವ್ರಾ? ಅವ್ನು ಬರ್ನಿಲ್ವಾ? ಮಂಡಿ ನೋವು ಜಾಸ್ತಿ ಆಯ್ತಾ?"

ದಾರಿಯುದ್ದಕ್ಕೂ ನಾವು ಯೋಚಿಸಿದ್ದು ಅವಳು ಯಾರೆಂಬುದನ್ನು. ಅವಳಿಗೆ ಸಾವಿನ ಸುದ್ದಿ ಒಯ್ಯುತ್ತಿದ್ದೇವೆ ಎಂಬುದು ನನ್ನ ತಲೆಗೇ ಬಂದಿರಲಿಲ್ಲ. ಕೊನೆಗೆ ಅವ್ವನೇ ಜಗಲಿ ಹತ್ತಿ ಅವಳ ಎದುರು ಕೂತಳು.

"ಇಲ್ಲ ಕಣವ್ವ. ಅವ್ರು ಓಗ್ಬುಟ್ರು. ಶಿವರಾತ್ರಿ ಕಳ್ದ ಮ್ಯಾಲೆ."

ಕೆಂಪಮ್ಮ ಕೂತಳು. ಕೈಯಲ್ಲಿದ್ದ ಅವರೆಕಾಯಿಯನ್ನು ಸುಲಿದಳು, ಇನ್ನೊಂದು ತೆಗೆದುಕೊಂಡು ಅದನ್ನೂ ಸುಲಿದಳು. ಕಣ್ಣಿಂದ ನೀರು ಇಳಿಯುತ್ತಿದ್ದರೂ ಕೈ ನಿಲ್ಲಲಿಲ್ಲ. ಸುಲಿಯುತ್ತಲೇ ಹೇಳಿದಳು. "ನಾನು ಅವ್ನಿಗಿಂತ ಇಪ್ಪತ್ತು ದಿನಕ್ಕೆ ದೊಡ್ಡೋಳು. ಮೊದ್ಲು ನಾನು ಓಗ್ಬೇಕಿತ್ತು."

"ಅವ್ರಿಗೂ ನಿನಗೂ ಏನಾಗ್ಬೇಕು?" ಎಂದು ಅವ್ವ ಕೇಳಿದಳು. ಮೂವತ್ತೇಳು ವರ್ಷ ಕಾದಿಟ್ಟ ಪ್ರಶ್ನೆ ಬಹಳ ಮೆತ್ತಗೆ ಹೊರಬಂತು.

ಕೆಂಪಮ್ಮ ಆಶ್ಚರ್ಯದಿಂದ ನೋಡಿದಳು. "ಏಳೇ ಇಲ್ವಾ ಅವ್ನು? ಒಂದೇ ಎದೆ ಹಾಲು ಕುಡ್ದೋರು ಕಣವ್ವ ನಾವು."

ಅಷ್ಟರಲ್ಲಿ ಫೋನ್ ಮಾಡಿದ್ದ ಮೊಮ್ಮಗಳು ಸವಿತ ಒಳಗಿನಿಂದ ಚಾಪೆ ತಂದು ಹಾಸಿದಳು. ಕೆಂಪಮ್ಮ ಹೇಳಿದ ಕತೆ ಹೀಗಿತ್ತು. ಅಪ್ಪನ ತಾಯಿಯ ತವರು ಇದೇ ಊರು, ನಮಗೆ ಯಾರೂ ಹೇಳಿರಲಿಲ್ಲ. ಚೊಚ್ಚಲ ಹೆರಿಗೆಗೆ ಬಂದವಳು ಮೂರನೇ ದಿನಕ್ಕೆ ತೀರಿಕೊಂಡಳು. ಕೂಸು ಹಸುವಿನ ಹಾಲು ಕಕ್ಕಿ ನೀಲಿಗಟ್ಟುತ್ತಿತ್ತು. ಕೆಂಪಮ್ಮನ ತಾಯಿ ಸಣ್ಣಮ್ಮ ಹೊಳೆಯಿಂದ ನೀರು ತರುವ ದಾರಿಯಲ್ಲಿ ಆ ಅಳು ಕೇಳಿ, ಯಾರನ್ನೂ ಕೇಳದೆ ಹಿತ್ತಿಲ ಬಾಗಿಲಿಂದ ಹೋಗಿ ಎದೆಗೆ ಹಾಕಿಕೊಂಡಳು. ಅಂದಿನಿಂದ ಒಂದು ಕಡೆ ಮಗಳು, ಇನ್ನೊಂದು ಕಡೆ ಅಪ್ಪ. ಮೂರು ವರ್ಷ ಅವನು ಬೆಳೆದದ್ದು ಈ ಜಗಲಿಯ ಮೇಲೇ. ತಾತ ಮರುಮದುವೆಯಾಗಿ ಮಗನನ್ನು ಕರೆದೊಯ್ಯಲು ಬಂದಾಗ ಅವನು ಸಣ್ಣಮ್ಮನ ಸೆರಗು ಬಿಡಲಿಲ್ಲವಂತೆ. ನಂಟರಿಗೆ ತಿಳಿದರೆ ನಾಳೆ ಹುಡುಗನಿಗೆ ಹೆಣ್ಣು ಸಿಗುವುದಿಲ್ಲವೆಂದು ತಾತ ಹೆದರಿದ. ಮಗ ದೊಡ್ಡವನಾದ ಮೇಲೆ, ಇದನ್ನು ಯಾರ ಹತ್ತಿರವೂ ಬಾಯಿ ಬಿಡುವುದಿಲ್ಲವೆಂದು ಲಿಂಗ ಮುಟ್ಟಿಸಿ ಮಾತು ತೆಗೆದುಕೊಂಡ.

ತಾತ ಸತ್ತ ವರ್ಷ ಅಪ್ಪ ಅಕ್ಕಿ ಹೊತ್ತು ಮೊದಲ ಸಲ ಇಲ್ಲಿಗೆ ಬಂದ. ಆಗ ಸಣ್ಣಮ್ಮ ಇನ್ನೂ ಬದುಕಿದ್ದಳು. ಮನೆಯಲ್ಲಿ ಹೇಳಿ ಬಂದೆಯಾ ಎಂದು ಕೇಳಿದ್ದಕ್ಕೆ ಅವನು ಕೊಟ್ಟ ಉತ್ತರ ಕೆಂಪಮ್ಮನಿಗೆ ನೆನಪಿತ್ತು. "'ನಮ್ಮಪ್ಪ ಕಟ್ಟಾಕಿರೋದು ನನ್ನ ಬಾಯ್ನ, ಕಾಲ್ನಲ್ಲ' ಅಂದ ಕಣವ್ವ."

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಳುತ್ತಿದ್ದಾಳೆಂದುಕೊಂಡೆ. ನೋಡಿದರೆ ನಗುತ್ತಿದ್ದಳು. ಅದು ಅಪ್ಪನದೇ ಮಾತು, ಬೇರೆ ಯಾರೂ ಹಾಗೆ ಹೇಳುವಂತಿರಲಿಲ್ಲ.

ಸಣ್ಣಮ್ಮ ಹೋದ ಮೇಲೂ ಅಪ್ಪ ಬರುವುದನ್ನು ಬಿಡಲಿಲ್ಲ. ಬಂದಾಗಲೆಲ್ಲ ಕೆಂಪಮ್ಮನ ಮಗನ ಜೊತೆ ಗದ್ದೆಗೆ ಇಳಿಯುತ್ತಿದ್ದ. ಹೊಳೆ ನಂಬಿದವರಿಗೆ ಬದು ಕಟ್ಟುವುದನ್ನು, ಒಟ್ಲುಪಾತಿಯಲ್ಲಿ ಭತ್ತದ ಪೈರು ಎಬ್ಬಿಸುವುದನ್ನು ಕಲಿಸಿದ್ದು ಅವನೇ. ಈಗ ಮನೆಯ ವರ್ಷದ ಅನ್ನಕ್ಕೆ ಆ ಅರ್ಧ ಎಕರೆ ಸಾಕಾಗುತ್ತದೆ. ಮಗ ಅಂದು ನರಸೀಪುರಕ್ಕೆ ಹೋಗಿದ್ದ.

ಮಧ್ಯಾಹ್ನವಾಗಿತ್ತು. ಕೆಂಪಮ್ಮ ಸವಿತಳನ್ನು ಕರೆದು ನಮಗೆ ಎಳನೀರು, ಬಾಳೆಹಣ್ಣು ತರಲು ಹೇಳಿದಳು. ನಮ್ಮಂಥವರಿಗೆ ತನ್ನ ಮನೆಯಲ್ಲಿ ಬೇಯಿಸಿದ್ದನ್ನು ಬಡಿಸುವಂತಿಲ್ಲ ಎಂದು ಅವಳೇ ತೀರ್ಮಾನ ಮಾಡಿದ್ದಳು. ನನ್ನ ಅವ್ವ ಬೇರೆ ಜಾತಿಯವರ ಮನೆಯಲ್ಲಿ ಎಂದೂ ಉಂಡವಳಲ್ಲ. ನಂಟರ ಮದುವೆಯಲ್ಲೂ ಮೊದಲ ಪಂಕ್ತಿಯಲ್ಲೇ ಎಲೆ ನೋಡಿ ಕೂರುವವಳು. ಅವ್ವ ಕೇಳಿದಳು. "ಅವ್ರು ಬಂದಾಗ ಏನುಣ್ತಿದ್ರು?"

ಅವನಿಗೆಂದೇ ಬೇರೆ ಮಡಕೆ ಇಟ್ಟಿರುವುದಾಗಿ, ಅದರಲ್ಲಿ ಮೀನು ಮಾಂಸ ಮಾಡಿಲ್ಲವೆಂದು ಕೆಂಪಮ್ಮ ಹೇಳಿದಳು. ಹಿತಕಿದ ಅವರೆಬೇಳೆ ಸಾರು, ರಾಗಿಮುದ್ದೆ ಎಂದರೆ ಅವನಿಗೆ ಪ್ರಾಣವಂತೆ. ಬರುತ್ತಾನೆಂದು ನಂಬಿ ಒಂದು ವಾರದಿಂದ ಅವರೆ ಹಿತಕುತ್ತಿದ್ದಳಂತೆ.

"ಅಂಗಾದ್ರೆ ಅದ್ನೇ ಮಾಡು" ಎಂದಳು ಅವ್ವ.

ಅಡುಗೆಗೆ ಒಂದು ಗಂಟೆ ಹಿಡಿಯಿತು. ಅವ್ವ ಸುಮ್ಮನೆ ಕೂರದೆ ಬೇಳೆ ಹಿತಕಿಕೊಟ್ಟಳು. ಇಬ್ಬರೂ ಮಾತಾಡಿದ್ದೆಲ್ಲ ಅಪ್ಪನ ಸಂಗತಿಯೇ. ಅವನ ಗೊರಕೆ, ಅವನ ಮುಂಗೋಪ, ಕಾಫಿಗೆ ಬೆಲ್ಲವೇ ಬೇಕೆನ್ನುತ್ತಿದ್ದದ್ದು. ಒಬ್ಬಳು ಅರ್ಧ ಹೇಳಿದರೆ ಇನ್ನೊಬ್ಬಳು ಮುಗಿಸುತ್ತಿದ್ದಳು. ಒಂದೇ ಸಾಲಿನಲ್ಲಿ ಕೂತು ನಾವು ನಾಲ್ವರೂ ಉಂಡೆವು. ಸಾರಿಗೆ ಸಬ್ಬಸಿಗೆ ಹಾಕಿದ್ದರು, ಘಮಘಮ ಎನ್ನುತ್ತಿತ್ತು. ಅವ್ವ ಎರಡನೇ ಮುದ್ದೆ ಹಾಕಿಸಿಕೊಂಡಳು. ನಮ್ಮ ಬುತ್ತಿಯ ರೊಟ್ಟಿ ಸವಿತಳ ಪಾಲಾಯಿತು.

ಹೊರಡುವಾಗ ಕೆಂಪಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಮಡಿಲು ತುಂಬಿದಳು. ಅಕ್ಕಿ, ಬೆಲ್ಲ, ತೆಂಗಿನಕಾಯಿ, ಒಂದು ರವಿಕೆ ಕಣ. ತಮ್ಮನ ಮಗಳು ಮೊದಲ ಸಲ ಮನೆಗೆ ಬಂದಿದ್ದಾಳೆ, ಬರಿಮಡಿಲಲ್ಲಿ ಕಳಿಸಲಾಗದು ಎಂದಳು. ನನಗೆ ಸೋದರತ್ತೆ ಇಲ್ಲವೆಂದೇ ಐವತ್ತು ವರ್ಷ ತಿಳಿದಿದ್ದೆ. ಅವಳ ಕೈ ಅಪ್ಪನ ಕೈಯಷ್ಟೇ ಒರಟಾಗಿತ್ತು.

ಮೂರೂವರೆಯ ಬಸ್ಸಿಗೆ ನರಸೀಪುರ ಬಿಟ್ಟೆವು. ಅವ್ವ ಒಂದು ಗಂಟೆ ಚೆನ್ನಾಗಿ ನಿದ್ದೆ ಮಾಡಿದಳು. ನಂಜನಗೂಡು ಹತ್ತಿರವಾದಾಗ ಎಚ್ಚರಗೊಂಡು, ಯಾರಿಗೋ ದೂರು ಹೇಳುವವಳಂತೆ, "ನಂಗೊಂದು ಮಾತು ಏಳಿದ್ರೆ ನಾನೂ ಜೊತೇಲಿ ಓಯ್ತಿದ್ದೆ" ಎಂದಳು. ಅಪ್ಪ ಕೊಟ್ಟ ಮಾತನ್ನು ನಾವೂ ಉಳಿಸಬೇಕೇ ಎಂದು ಕೇಳಿದೆ. ಅದನ್ನು ಕೊಟ್ಟದ್ದು ಅವರು, ನಾನಲ್ಲ ಎಂದಳು.

ಹದಿನಾರಿನಲ್ಲಿ ಇಳಿದಾಗ ಇನ್ನೂ ಬೆಳಕಿತ್ತು. ನಮ್ಮ ಬೀದಿಯಲ್ಲಿ ಹೆಂಗಸರು ಜಗಲಿಗಳ ಮೇಲೆ ಕೂತಿದ್ದರು. ನನ್ನ ಮಡಿಲಿನ ತೆಂಗಿನಕಾಯಿ ನೋಡಿ ಪಕ್ಕದ ಮನೆಯ ರಾಜಮ್ಮ, ದರ್ಶನ ಚೆನ್ನಾಗಿ ಆಯಿತೇ ಎಂದು ಕೇಳಿದಳು. ನಮ್ಮ ಜಗಲಿಯ ಮೇಲೆ ಅಣ್ಣ ಕೂತಿದ್ದ. ಅವ್ವ ಬೀದಿಯ ಮಧ್ಯೆ ನಿಂತಳು.

"ನರಸೀಪುರಕ್ಕೆ ಓಗಿದ್ದೊ. ನಮ್ಮನೆಯೋರ ಅಕ್ಕನ ಮನೆಗೆ" ಎಂದಳು.

ಅವರಿಗೆ ಅಕ್ಕ ಎಲ್ಲಿದ್ದಳು ಎಂದು ರಾಜಮ್ಮ ಕೇಳಿದಳು. ಅಣ್ಣ ತಲೆಯೆತ್ತಿ ನೋಡಿದ.

"ಅವಳೆ, ಒಳೆದಂಡೇಲಿ. ಮೀನಿಡಿಯೋರ ಮನೆ. ಅವ್ಳವ್ವನ ಹಾಲು ಕುಡ್ದೇ ಇವ್ರು ಬದುಕಿದ್ದು. ಬರೋ ತಿಂಗ್ಳು ನಮ್ಮನೆಗೆ ಬತ್ತಾಳೆ, ನೀನೂ ಬಾ, ನೋಡುವಂತೆ."

ಅಷ್ಟು ಹೇಳಿ ಅವ್ವ ಚಪ್ಪಲಿ ಬಿಟ್ಟು, ಅಣ್ಣನ ಪಕ್ಕ ಜಾಗ ಮಾಡಿಕೊಂಡು ಕೂತು, ಕಾಲು ಚಾಚಿದಳು.