ಜಲ್ಲಿ ರಾಶಿಯ ಬಾಣಂತಿ

ನಮ್ಮ ಮನೆಯ ಮೇಲೆ ಎರಡು ಕೋಣೆ ಏಳಲಿವೆ ಎಂಬುದು ನನಗೆ ಗೊತ್ತಾದದ್ದು, ಜಲ್ಲಿ ತುಂಬಿದ ಲಾರಿ ಹಿಂದುಹಿಂದಕ್ಕೆ ಬಂದು ನನ್ನ ಹಿತ್ತಲಿನ ಮೆಂತ್ಯದ ಮಡಿಯ ಮೇಲೆ ಹೊರೆ ಸುರಿದಾಗ. ಹೈದರಾಬಾದಿನ ತಾರ್ನಾಕದ ನಮ್ಮ ಓಣಿಯಲ್ಲಿ ಆಗ ಎಲ್ಲರೂ ಮಾಳಿಗೆ ಏರಿಸುತ್ತಿದ್ದರು. ಅಮೀರ್‌ಪೇಟ್‌ನಲ್ಲಿ ಕಂಪ್ಯೂಟರ್ ಕಲಿಯಲು ಬಂದ ಹುಡುಗರು ಅಲ್ಲಿ ಹಾಸ್ಟೆಲ್ ಸಾಲದೆ ಇಲ್ಲಿಯವರೆಗೂ ಕೋಣೆ ಕೇಳಿಕೊಂಡು ಬರುತ್ತಿದ್ದರು. ಯಜಮಾನರೂ ಅತ್ತೆಯೂ ಕೂತು ಮಾತು ಮುಗಿಸಿದ್ದರು. ನನ್ನನ್ನು ಕೇಳುವ ರೂಢಿ ಆ ಮನೆಯಲ್ಲಿರಲಿಲ್ಲ.

ಗೋಡೆ ಎದ್ದವು, ಸ್ಲ್ಯಾಬಿಗೆ ಮುಹೂರ್ತವೂ ಗೊತ್ತಾಯಿತು. ಆ ಹೊತ್ತಿಗೆ ಸರಿಯಾಗಿ ಟಿಟ್ಟಿಭ ಬಂತು. ವಿಶ್ವವಿದ್ಯಾಲಯದ ಬಯಲಿನಲ್ಲಿ ಓಡಾಡಿಕೊಂಡಿರುವ ಹಕ್ಕಿ. ಹಳದಿ ಕಾಲು, ಕಣ್ಣಿನ ಮುಂದೆ ಕೆಂಪು ತೊಗಲು. ಬಟ್ಟೆ ಒಣಹಾಕಲು ಹೋದವಳ ತಲೆಯ ಮೇಲೆ ಕಿರುಚುತ್ತಾ ಎರಗಿತು. ಬಗ್ಗಿ ನೋಡಿದರೆ ರಾಶಿಯ ಅಂಚಿನಲ್ಲಿ ನಾಲ್ಕು ಮೊಟ್ಟೆ, ಜಲ್ಲಿಯದೇ ಬಣ್ಣ. ಇನ್ನೊಂದು ಹೆಜ್ಜೆ ಇಟ್ಟಿದ್ದರೆ ತುಳಿದೇಬಿಡುತ್ತಿದ್ದೆ. ನಮ್ಮ ಮನೆಯಲ್ಲಿ ಅಷ್ಟು ಜೋರಾಗಿ ಬಾಯಿ ಮಾಡಿದ ಹೆಣ್ಣು ಅದೇ ಮೊದಲು. ನನಗೆ ಭಾರಿ ಹಿಡಿಸಿತು.

ಪಕ್ಕದ ಮನೆಯಾಕೆ ಕಾಂಪೌಂಡಿನಾಚೆಯಿಂದ, "ಅಮ್ಮೋ, ತೀತುವು ಪಿಟ್ಟ! ಅದಿ ಅರಿಸ್ತೇ ಮಂಚಿದಿ ಕಾದು!" ಎಂದು ಕೂಗಿದರು. ಟಿಟ್ಟಿಭ ಕೂಗಿದರೆ ಮನೆಗೆ ಒಳ್ಳೆಯದಲ್ಲವಂತೆ. ಅತ್ತೆಗೆ ಅಷ್ಟೇ ಸಾಕಾಯಿತು.

"ಸ್ಲ್ಯಾಬ್ ಹಾಕೂ ಮುಂದ ಈ ಅಪಶಕುನ ಬ್ಯಾಡ. ತತ್ತಿ ತಗದು ಆಚಿ ಬಯಲಾಗ ಇಟ್ಟು ಬಾ."

"ನಾ ಮುಟ್ಟಂಗಿಲ್ರಿ. ಬ್ಯಾರೆ ಯಾರಿಗೂ ಮುಟ್ಟಾಕ ಬಿಡಂಗಿಲ್ಲ," ಎಂದೆ.

ಸ್ಲ್ಯಾಬಿನ ದಿನ ಬೆಳಿಗ್ಗೆ ಕಾಂಕ್ರೀಟ್ ಕಲಸುವ ಯಂತ್ರ ಗೇಟಿಗೆ ಬರುವ ಮೊದಲೇ ಕುರ್ಚಿ ಹಾಕಿಕೊಂಡು ರಾಶಿಯ ಮುಂದೆ ಕೂತೆ. ಕೈ ಸುಮ್ಮನಿರಬಾರದೆಂದು ಬೆಳ್ಳುಳ್ಳಿ ಸುಲಿಯುತ್ತಿದ್ದೆ. ಹಕ್ಕಿ ನನ್ನ ಮೇಲೂ ಕಿರುಚುತ್ತಿತ್ತು. ಅದಕ್ಕೇನು ಗೊತ್ತು, ನಾನು ಯಾರ ಪಕ್ಷವೆಂದು. ಯಾದಗಿರಿ ಕಡೆಯ ಮೇಸ್ತ್ರಿ ಸಲಿಕೆ ಹಿಡಿದು ನಿಂತುಬಿಟ್ಟ. ಯಜಮಾನರು ಬಂದರು.

"ಎದ್ದು ಒಳಗ ನಡಿ. ಮಂದಿ ನಗಾಕತ್ತಾರ."

"ನಗಲಿ ಬಿಡ್ರಿ. ಮರಿ ಆಗೂತನಕ ಈ ಖಡಿ ರಾಶಿ ಮುಟ್ಟಾಕ ಬಿಡಂಗಿಲ್ಲ."

"ಒಂದು ಹಕ್ಕಿ ಸಲುವಾಗಿ ಯಾರರ ಸ್ಲ್ಯಾಬ್ ನಿಲ್ಲಸ್ತಾರೇನು? ಆಷಾಢ ಬಂದ್ರ ಮುಹೂರ್ತ ಇಲ್ಲ. ಹುಡುಗ್ರು ಬ್ಯಾರೆ ಮನಿ ಹಿಡೀತಾರ."

ಅವರೊಡನೆ ವಾದಿಸಿ ಗೆದ್ದವರಿಲ್ಲ. ನಾನು ಅತ್ತೆಯ ಕಡೆ ತಿರುಗಿದೆ. "ಅತ್ತಿ, ಮನಿಯಾಗ ಬಸುರಿ, ಬಾಣಂತಿ ಇದ್ರ ಮಾಳಿಗಿ ಮುಚ್ಚಬಾರದು ಅಂದವರು ನೀವಲ್ಲೇನ್ರಿ? ನಾ ಬಸುರಿದ್ದಾಗ ಅಡಗಿಮನಿ ಗ್ವಾಡಿಗೆ ಒಂದು ಮೊಳಿ ಹೊಡ್ಯಾಕೂ ಬಿಡಲಿಲ್ಲ."

"ಅದು ಮನಷ್ಯಾರಿಗೆ!"

"ಶಾಸ್ತ್ರದಾಗ ಹಂಗ ಬರದೈತೇನ್ರಿ?"

ಹಕ್ಕಿಯ ಕೂಗಿಗಿಂತ, ತಾವೇ ಹಾಕಿದ ಕಟ್ಟಳೆ ಮುರಿಯುವ ಭಯ ಅತ್ತೆಗೆ ದೊಡ್ಡದು. ಸೆರಗು ತಲೆಯ ಮೇಲೆ ಎಳೆದುಕೊಂಡು ರಾಶಿಯನ್ನೇ ನೋಡಿದರು. ಕೊನೆಗೆ ಮೇಸ್ತ್ರಿಯನ್ನು ಕೇಳಿದರು, "ಕಾವಿಗೆ ಕುಂತದ್ದು ಬಸುರಿ ಲೆಕ್ಕನೋ, ಬಾಣಂತಿ ಲೆಕ್ಕನೋ?"

ಅವನು ತಲೆ ಕೆರೆದುಕೊಂಡ. "ಎರಡರಾಗ ಒಂದು ಹೌದಲ್ರಿ, ಅಮ್ಮಾರ."

"ಹಂಗಾರ ಇವತ್ತು ಬ್ಯಾಡ," ಎಂದು ಅತ್ತೆ ಒಳಗೆ ನಡೆದರು. ತಾಯಿಯ ಮಾತಿಗೆ ಮಗ ಎದುರಾಡುವ ಹಾಗಿರಲಿಲ್ಲ. ಯಂತ್ರ ವಾಪಸು ಹೋಯಿತು.

ಆ ಶಾಸ್ತ್ರವನ್ನು ನಾನು ನಂಬಿದವಳಲ್ಲ. ಆ ಒಂದು ಮೊಳೆಗಾಗಿ ಅಂದು ಎಷ್ಟು ಉರಿದಿದ್ದೆನೋ ನನಗೇ ಗೊತ್ತು. ನನ್ನನ್ನು ಕಟ್ಟಿಹಾಕಿದ ಹಗ್ಗದಿಂದಲೇ ಅವರನ್ನು ಕಟ್ಟಿದೆ. ಅದಕ್ಕೆ ಈಗಲೂ ಖುಷಿಯೇ ಇದೆ. ಯಜಮಾನರು ಬಹಳ ದಿನ ನನ್ನೊಡನೆ ಮಾತು ಬಿಟ್ಟರು. ಊಟಕ್ಕೆ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿದ್ದರು.

ಆಷಾಢದ ಮೊದಲ ಮಳೆಗೆ ಮರಿಗಳಾದವು. ಮೈಗಿಂತ ಕಾಲೇ ಉದ್ದವಾಗಿದ್ದ ಆ ನಾಲ್ಕೂ ಮರುದಿನವೇ ತಾಯಿಯ ಹಿಂದೆ ಹಿತ್ತಲ ಗೇಟಿನ ಕೆಳಗಿಂದ ನುಸುಳಿ ಬಯಲಿಗೆ ಓಡಿದವು. ಹಕ್ಕಿ ಹೋಗುವಾಗಲೂ ನನ್ನನ್ನು ಬೈದೇ ಹೋಯಿತು. ಶ್ರಾವಣದಲ್ಲಿ ಸ್ಲ್ಯಾಬ್ ಹಾಕಿದ್ದಾಯಿತು. ಆ ಹುಡುಗರಲ್ಲದಿದ್ದರೆ ಬೇರೆ ಹುಡುಗರು ಬಂದರು. ಆ ಕಾಲದ ಹೈದರಾಬಾದಿನಲ್ಲಿ ಹುಡುಗರಿಗೇನು ಬರವಿತ್ತು?

ಕೋಣೆ ಮುಗಿದ ಮೇಲೆ ಯಜಮಾನರು ತಾವು ದುಡಿಯುತ್ತಿದ್ದ ಕಾರ್ಖಾನೆಯ ಸ್ನೇಹಿತರನ್ನು ಊಟಕ್ಕೆ ಕರೆದರು. ನಾನು ಎಣ್ಣೆಗಾಯಿ ಬಡಿಸುತ್ತಿದ್ದೆ. ಅವರು ಎದೆಯುಬ್ಬಿಸಿ ಹೇಳುತ್ತಿದ್ದರು: "ಒಂದು ಹಕ್ಕಿ ಸಲುವಾಗಿ ನಾವು ಸ್ಲ್ಯಾಬ್ ನಿಲ್ಲಿಸಿದ್ವಿ ನೋಡ್ರಿ. ಜೀವ ಅಂದ್ರ ನಮ್ಮ ಮನಿಯಾಗ ಭಾಳ ಬೆಲಿ."

ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟೆ.

"ನಿಲ್ಲಿಸಿದ್ದು ನೀವಲ್ರಿ, ನಾನು. ನೀವು ನನ್ನ ಎಬ್ಬಸಾಕ ಬಂದಿದ್ರಿ."

ಅತಿಥಿಗಳ ಕೈ ತಟ್ಟೆಯಲ್ಲೇ ನಿಂತವು. ನಾನು ಪಾತ್ರೆ ಎತ್ತಿಕೊಂಡು, ಮೊದಲು ಯಜಮಾನರ ತಟ್ಟೆಗೇ ಬಡಿಸಿದೆ.