ಅಕ್ಕನ ಕಾಲಡಿಯ ತಗಡು

ಕೆಲೆಪಿ ನಾಲ್ಕು ಜನರ ಮುಂದೆ ನನಗೆ ಅಂದ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಒಂಬತ್ತು ವರ್ಷವಾಯಿತು. ಮಾತು ಸುಳ್ಳಾಗಿದ್ದರೆ ಅಲ್ಲೇ ಎರಡು ಬಿಗಿದು ಅವತ್ತೇ ಮರೆತುಬಿಡುತ್ತಿದ್ದೆ.

ಅವನು ಎಂಥವನು ಎಂದು ಮೊದಲು ಹೇಳಬೇಕು. ನಮ್ಮ ಎವುವಾ ದ್ವೀಪದ ಈ ತುದಿಯಲ್ಲಿ ಕಬ್ಬಿಣಕ್ಕೆ ಬೆಸುಗೆ ಹಾಕಬಲ್ಲವನು ಅವನೊಬ್ಬನೇ. ಇಪ್ಪತ್ತು ವರ್ಷ ಆಕ್ಲೆಂಡಿನ ಹಡಗುಕಟ್ಟೆಯಲ್ಲಿ ದುಡಿದು, ಸುತ್ತಿಗೆಯ ಸದ್ದಿಗೆ ಎಡಗಿವಿಯನ್ನು ಅಲ್ಲೇ ಬಿಟ್ಟು, ಒಂದು ವೆಲ್ಡಿಂಗ್ ಯಂತ್ರ ಮತ್ತು ಒಂದು ಪಿಕಪ್ ತಗೊಂಡು ವಾಪಸು ಬಂದ. ಪರದೇಶಕ್ಕೆ ಹೋದವರು ಬಂದ ಮೇಲೆ ಚರ್ಚಿಗೆ ಗಂಟೆ ಕೊಡಿಸುತ್ತಾರೆ, ತಾಯಿಗೆ ಸಿಮೆಂಟು ಗೋಡೆಯ ಮನೆ ಕಟ್ಟಿಸುತ್ತಾರೆ. ಇವನು ರಸ್ತೆ ಬದಿಯ ಹಳೇ ಕಂಟೇನರಿನಲ್ಲಿ ಮಲಗಿದ. ನಾವು ‘ಬರಿಗೈ ಕೆಲೆಪಿ’ ಎಂದು ಹೆಸರಿಟ್ಟೆವು. ಕರೆದರೆ ಓ ಅನ್ನುತ್ತಿದ್ದ. ಕೆಲಸ ಮಾತ್ರ ಬಸವನಹುಳುವಿನದು. ಗೇಟಿನ ಒಂದು ತಿರುಗುಣಿಗೆ ಮೂರು ದಿನ ತೆಗೆದುಕೊಂಡವನು ಅವನು.

ನನ್ನ ಪಿಕಪ್ಪಿಗೆ ಆಗ ಇಪ್ಪತ್ತೆಂಟು ವರ್ಷ. ಓಡಿಸುವವಳು ನನ್ನ ಹೆಂಡತಿ ಪೆಲೆನಾಯ್ಸೆ. ಅವಳ ಪಕ್ಕದ ಸೀಟು ನನ್ನ ಅಕ್ಕ ತೋಆಕಾಸೆಯದು. ನಾನು ಹಿಂದಿನ ತೊಟ್ಟಿಯಲ್ಲಿ, ಕಸಾವ ಗೆಡ್ಡೆಯ ಜೊತೆ. ಅಕ್ಕ ಕೂರುವ ಜಾಗದಲ್ಲಿ ತಮ್ಮ ಕೂರುವುದಿಲ್ಲ. ಅವಳನ್ನಾಗಲಿ, ಅವಳ ಹಾಸಿಗೆ, ಚಾಪೆ, ಗಂಟನ್ನಾಗಲಿ ಮುಟ್ಟುವುದಿಲ್ಲ. ನಮ್ಮಪ್ಪ ತನ್ನ ಅಕ್ಕನೊಡನೆ ಹಾಗೆ ಬದುಕಿದ, ನಾನೂ ಹಾಗೇ. ಅಕ್ಕ ತಾನೇ ನೇಯ್ದ ಕೇದಗೆ ಗರಿಯ ಚಾಪೆಯನ್ನು ತನ್ನ ಕಾಲಡಿಗೆ ಹಾಸಿಕೊಂಡಿದ್ದಳು. ಮೀನುಬುಟ್ಟಿಯ ನೀರು, ಕಡಲ ಮರಳು ಎಲ್ಲ ಅದರಲ್ಲಿ ಇಂಗುತ್ತಿತ್ತು. ಹೆಂಡತಿಯ ಕಡೆಯ ನೆಲವನ್ನು ನಾನು ತಿಂಗಳಿಗೊಮ್ಮೆ ತೊಳೆದು ಎಣ್ಣೆ ಸವರುತ್ತಿದ್ದೆ. ಅಕ್ಕನ ಕಡೆ ಹನ್ನೆರಡು ವರ್ಷದಿಂದ ಕೈ ಹಾಕಿರಲಿಲ್ಲ.

ಅಕ್ಕನಿಗೆ ಸಕ್ಕರೆ ಕಾಯಿಲೆ. ಪಾದಕ್ಕೆ ಕೆಂಡ ತಗುಲಿದರೂ ಗೊತ್ತಾಗದು. ಒಂದು ಶುಕ್ರವಾರ ಸಂಜೆ ನರ್ಸಮ್ಮ ಬಂದು ಅವಳ ಬಲಗಾಲಿನ ಬಟ್ಟೆ ಬಿಚ್ಚಿದಾಗ ಮನೆ ತುಂಬ ವಾಸನೆ. ನಾನು ಹೊರಗೆ ನಿಂತಿದ್ದೆ.

“ಇದು ಎಲ್ಲಿ ಕುಯ್ಕೊಂಡ್ರಿ?”

“ಗೊತ್ತಿಲ್ಲ ಕಣಮ್ಮ. ನೋವೇ ಇಲ್ವಲ್ಲ,” ಎಂದಳು ಅಕ್ಕ.

ಪೆಲೆನಾಯ್ಸೆ ಸರ್ರನೆ ಎದ್ದು ಗಾಡಿಯ ಹತ್ತಿರ ಹೋದಳು. ವಾಪಸು ಬಂದು ನನ್ನ ಮುಂದೆ ನಿಂತಳು.

“ಚಾಪೆ ಎತ್ತಿದೆ. ಅವರು ಕಾಲಿಡೋ ಕಡೆ ನೆಲಾನೇ ಇಲ್ಲ ಕಣ್ರೀ. ಬರೀ ತಗಡಿನ ಹಲ್ಲು. ಸೀಟಿನ ಕಾಲೂ ನೇತಾಡ್ತಿದೆ.”

ನರ್ಸಮ್ಮ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದಳು: “ನಾಳೆ ಮಧ್ಯಾಹ್ನದ ಹಡಗಲ್ಲಿ ದೊಡ್ಡಾಸ್ಪತ್ರೆಗೆ ಕಳಿಸಿ. ಭಾನುವಾರ ಹಡಗಿಲ್ಲ. ಸೋಮವಾರದವರೆಗೆ ಕಾದ್ರೆ ಮಂಡಿಯಿಂದ ಕೆಳಗೆ ಉಳಿಯಲ್ಲ.”

ಕ್ಲಿನಿಕ್ಕಿನ ಗಾಡಿ ಆಕ್ಸಲ್ ಮುರಿದು ಕೂತಿತ್ತು. ಊರಿನ ಇನ್ನೆರಡು ಗಾಡಿಗಳು ಮದುವೆಯ ಹಂದಿಗಳನ್ನು ಹೊತ್ತು ದೊಡ್ಡ ದ್ವೀಪಕ್ಕೆ ಹೋಗಿದ್ದವು. ಕೆಲೆಪಿಯ ಪಿಕಪ್ ಗೇರ್‌ಬಾಕ್ಸ್ ಕಳಚಿಕೊಂಡು ನಿಂತಿತ್ತು. ಬಂದರಿಗೆ ಹೋಗುವ ದಾರಿಯ ಗುಂಡಿಗಳಲ್ಲಿ ಅಕ್ಕನನ್ನು ತೊಟ್ಟಿಯಲ್ಲಿ ಮಲಗಿಸಿ ಒಯ್ಯುವಂತಿರಲಿಲ್ಲ.

ಬೆಳಗ್ಗೆ ಆರಕ್ಕೆ ಪೆಲೆನಾಯ್ಸೆ ಕೆಲೆಪಿಯ ಕಂಟೇನರಿನ ಮುಂದೆ ಗಾಡಿ ನಿಲ್ಲಿಸಿದಳು. ಪಂಕ್ಚರ್ ಹಾಕಿಸಲು ಬಂದಿದ್ದ ನಾಲ್ವರು ಅಲ್ಲಿ ಕೂತಿದ್ದರು. ಕೆಲೆಪಿ ಚಾಪೆ ಎತ್ತಿದ. ಅದರ ತಳದ ಕಪ್ಪು ಕಲೆಯನ್ನು ಬೆರಳಿನಿಂದ ಮುಟ್ಟಿ ಮೂಸಿದ.

“ಇದು ಮೀನಿನ ರಕ್ತ ಅಲ್ಲ.”

“ಅಕ್ಕನ್ದು. ಮಾತು ಸಾಕು, ತೇಪೆ ಹಾಕು.”

“ಇಷ್ಟು ದಿನ ನೋಡ್ಲಿಲ್ವಾ ನೀನು?”

“ಅಕ್ಕನ ಕಡೆ ನಾನು ಹೆಂಗಯ್ಯ ನೋಡ್ಲಿ? ಮರ್ಯಾದೆ ಬೇಡ್ವಾ?”

“ಅಕ್ಕನ ಮರ್ಯಾದೆ ಚೆನ್ನಾಗಿ ಕಾಯ್ದೆ, ವಾಯ್ಸೆಲೆ. ಕಾಲು ಯಾರು ಕಾಯ್ಬೇಕಿತ್ತು? ನಾನಾ?”

ನಾಲ್ವರೂ ನೆಲ ನೋಡಿದರು. ನಾನು ಸ್ಪ್ಯಾನರ್ ಎತ್ತಿದ್ದೆ. ಅವನನ್ನು ಹೊಡೆದರೆ ಬೆಸುಗೆ ಹಾಕುವವರು ಯಾರು ಎಂದು ಇಳಿಸಿದೆ.

ಅವನು ಕೊಯ್ಯತೊಡಗಿದ. ಅಂಗೈಯಷ್ಟಿದ್ದ ತೂತು ತಟ್ಟೆಯಷ್ಟಾಯಿತು, ತಟ್ಟೆ ಮೊರವಾಯಿತು.

“ಮುಚ್ಚು ಅಂದ್ರೆ ಗಾಡೀನೇ ತಿಂತಿದ್ದೀಯಲ್ಲೋ!”

“ಒಳ್ಳೆ ಕಬ್ಬಿಣ ಸಿಗೋ ತನಕ ಕೊಯ್ಬೇಕು. ತುಕ್ಕಿಗೆ ಬೆಸುಗೆ ಹಾಕೋದು ಹೊಗೆಗೆ ಮೊಳೆ ಹೊಡೆದಂಗೆ.”

“ಹಡಗು ನಿನಗೋಸ್ಕರ ಕಾಯಲ್ಲ!”

“ಆ ಕಿವಿ ಕಡೆ ಬಂದು ಕೂಗು, ಇದು ಕೇಳ್ಸಲ್ಲ,” ಎಂದು ತನ್ನ ಕಿವುಡು ಕಿವಿಯತ್ತ ತೋರಿಸಿದ. ಪಂಕ್ಚರಿನವರಲ್ಲಿ ಒಬ್ಬ ನಕ್ಕ. ನಾನು ಅವನತ್ತ ತಿರುಗಿದ ಮೇಲೆ ನಿಲ್ಲಿಸಿದ.

ತಗಡಿಗೆ ಅವನ ಎಣ್ಣೆ ಡ್ರಮ್ಮೇ ಗತಿ. ಅದನ್ನು ಕೊಯ್ಯುವ ಮುಂಚೆ ನೀರು ತುಂಬಿ ಚೆಲ್ಲಿದ, ಮತ್ತೆ ತುಂಬಿ ಚೆಲ್ಲಿದ. ಒಳಗೆ ಆವಿ ಉಳಿದರೆ ಸಿಡಿದು ಇಬ್ಬರೂ ಹೋಗುತ್ತೇವೆ ಅಂದ. ಗಂಟೆ ಒಂಬತ್ತಾಗಿತ್ತು. ಬಾಗಿದ ತಗಡನ್ನು ಮಟ್ಟ ಮಾಡಲು ಪೆಲೆನಾಯ್ಸೆ ಮನೆಯಿಂದ, ತೊಗಟೆಯನ್ನು ಬಡಿದು ಬಟ್ಟೆ ಮಾಡುವ ತನ್ನ ಮರದ ಕೊಡತಿ ತಂದಳು. ಮೂವರೂ ಸರದಿಯಲ್ಲಿ ಬಡಿದೆವು. ಕೆಲೆಪಿ ಇಲ್ಲೊಂದು ಚುಕ್ಕೆ ಬೆಸುಗೆ, ಅಲ್ಲೊಂದು ಚುಕ್ಕೆ, ಹೀಗೆ ಎದುರುಬದುರು ಹಾಕುತ್ತ ಹೋದ. ಒಂದೇ ಎಳೆಗೆ ಎಳೆದರೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದಂತೆ. ನಾನು ಒದ್ದೆ ಗೋಣಿ ಹಿಡಿದು ಕಿಡಿಗಳನ್ನು ತಟ್ಟುತ್ತಿದ್ದೆ. ಕಿಡಿ ಆರಿದರೂ ನನ್ನ ಎದೆ ಆರುತ್ತಿರಲಿಲ್ಲ. ಹತ್ತೂವರೆಗೆ ಬಂದರಿನ ಕಡೆಯಿಂದ, ಹಡಗು ಬಂದು ನಿಂತ ಕೂಗು ಕೇಳಿಸಿತು.

ನೆಲವಾಯಿತು. ಸೀಟು ಕೂರಲಿಲ್ಲ. ಅದರ ಕಾಲುಗಳು ಹಿಟ್ಟಾಗಿದ್ದವು. ನಾನು ತಲೆ ಚಚ್ಚಿಕೊಂಡೆ. ಕೆಲೆಪಿ ತನ್ನ ಪಿಕಪ್ಪಿನೊಳಗೆ ನುಗ್ಗಿ, ಪಕ್ಕದ ಸೀಟು ಬಿಚ್ಚಿ ತಂದು ನನ್ನದರಲ್ಲಿ ಬಿಗಿದ. ನೀಲಿ ಬಟ್ಟೆಯ ಸೀಟು; ಆಕ್ಲೆಂಡಿನಿಂದ ಬಂದಾಗ ಹೇಗಿತ್ತೋ ಹಾಗೇ ಇಟ್ಟಿದ್ದ.

“ಬರ್ತಾ ವಾಪಸ್ ತಗೊಂಡ್ ಬಾ,” ಎಂದ, ಅಷ್ಟೆ.

ಮನೆಗೆ ಹೋಗಿ, ಪೆಲೆನಾಯ್ಸೆ ಅಕ್ಕನನ್ನು ಹಿಡಿದು ಹತ್ತಿಸಿದಳು. ನಾನೂ ಕೆಲೆಪಿಯೂ ತೊಟ್ಟಿಯಲ್ಲಿ. ಒಂದೊಂದು ಗುಂಡಿಗೂ ನಾನು ಕಣ್ಣು ಮುಚ್ಚುತ್ತಿದ್ದೆ. ಅವನು ಒಳ್ಳೆಯ ಕಿವಿಯನ್ನು ತಗಡಿಗಾನಿಸಿ ಮಲಗಿದ್ದ. ಇಳಿಜಾರಿನಲ್ಲಿ ಟಕ್ ಅಂತು.

“ಬಿಡ್ತಾ?” ಎಂದು ಕಿರುಚಿದೆ.

“ಬಣ್ಣ ಹಾರ್ತು, ಬೆಸುಗೆ ಅಲ್ಲ. ಉಸಿರು ಬಿಡು ಮಾರಾಯ.”

ಬಂದರಿನಲ್ಲಿ ಹಗ್ಗ ಬಿಚ್ಚುತ್ತಿದ್ದರು. ಅಕ್ಕ ಕಾಲು ಊರಿದಳು, ಕುಸಿದಳು. ಅವಳನ್ನು ಎತ್ತಿಕೊಳ್ಳಲು ನನಗಾಗದು, ಮುಟ್ಟುವಂತಿಲ್ಲ; ಬೇರೆ ಒಬ್ಬರ ಕೈಗೆ ಬಗ್ಗುವ ಭಾರವೂ ಅಲ್ಲ. ಹತ್ತುವ ಹಲಗೆ ಎತ್ತುತ್ತೇವೆ ಎಂದು ಹಡಗಿನವರು ಕೂಗುತ್ತಿದ್ದರು. ಕೆಲೆಪಿ ನಾಲ್ಕು ಬೋಲ್ಟು ತಿರುಗಿಸಿ ಸೀಟು ಬಿಚ್ಚಿದ. ಪೆಲೆನಾಯ್ಸೆ ಅಕ್ಕನನ್ನು ಅದರ ಮೇಲೆ ಕೂರಿಸಿದಳು. ಕೆಲೆಪಿಯ ಸೀಟು ಮುಟ್ಟಬಹುದಲ್ಲ! ಒಂದು ಮೂಲೆಗೆ ನಾನು, ಒಂದಕ್ಕೆ ಅವನು, ಇನ್ನೆರಡಕ್ಕೆ ಹಡಗಿನ ಆಳುಗಳು. ಹೊತ್ತುಕೊಂಡು ಹಲಗೆ ಹತ್ತಿದೆವು. ಅಕ್ಕ ರಾಣಿಯಂತೆ ಕೂತು, “ಅಲುಗಾಡಿಸ್ಬೇಡ್ರೋ, ಬಿದ್ದೇನು,” ಎಂದು ಗದರುತ್ತಿದ್ದಳು. ಕೆಲೆಪಿ ಹಾರಿ ಇಳಿದ. ನಾನು ಅವಳ ಜೊತೆ ಹೋದೆ.

ಎರಡು ಕಾಲ್ಬೆರಳು ತೆಗೆದರು. ಪಾದ ಉಳಿಯಿತು. ಆ ಕಡೆಯ ದಡದಲ್ಲಿ ಆಂಬುಲೆನ್ಸ್ ಬಂದ ಗಡಿಬಿಡಿಯಲ್ಲಿ ಸೀಟನ್ನು ಕಟ್ಟೆಯ ಮೇಲೆ ಬಿಟ್ಟಿದ್ದೆ. ಐದನೇ ದಿನ ನೆನಪಾಗಿ ಹೋಗಿ ನೋಡಿದರೆ ಇರಲಿಲ್ಲ. ಬಂದರಿನ ಒಂದೊಂದು ಗೋದಾಮಿನಲ್ಲೂ ಕೇಳಿದೆ, ಇಬ್ಬರ ಜೊತೆ ಜಗಳವಾಡಿದೆ.

ಊರಿಗೆ ಬಂದ ಮೇಲೆ ಸೀಟಿನ ಬದಲಿಗೆಂದು ಕೆಲೆಪಿಯ ಹತ್ತಿರ ಒಂದು ಹಂದಿ ಅಟ್ಟಿಕೊಂಡು ಹೋದೆ. ಬೇಡವೆಂದ. ಗುಜರಿಯಿಂದ ಕಪ್ಪು ಸೀಟು ತಂದೆ. ಅಗಲ ಜಾಸ್ತಿ ಎಂದ. ಇನ್ನೊಂದು ತಂದೆ.

“ಇದಕ್ಕೇನಾಗಿದೆಯೋ? ಸರಿಯಾಗಿ ಕೂರುತ್ತಲ್ಲ!”

“ಕೂರುತ್ತೆ. ನನ್ನ ಸೀಟಲ್ಲ.”

ಅವತ್ತು ಅವನ ಅಂಗಳದಲ್ಲೇ ಆ ಸೀಟನ್ನು ಎಸೆದು ಬಂದೆ. ಅದರಲ್ಲೀಗ ಕೋಳಿ ಕಾವು ಕೂರುತ್ತದೆ. ಅವನ ಗಾಡಿ ರಿಪೇರಿಯಾಗಿ ಓಡುತ್ತಿದೆ. ಪಕ್ಕದಲ್ಲಿ ಕೂರುವವರಿಗೆ ಮೀನಿನ ಪೆಟ್ಟಿಗೆ ಬೋರಲು ಹಾಕಿದ್ದಾನೆ. ಸೀಟೆಲ್ಲಿ ಎಂದು ಯಾರಾದರೂ ಕೇಳಿದರೆ, “ವಾಯ್ಸೆಲೆ ತಂದುಕೊಡ್ತಾನೆ,” ಅನ್ನುತ್ತಾನಂತೆ.